ನರ್ಸಮ್ಮನ ಬೂಟು ಬಿಚ್ಚಿಸಿದ್ದು

ಗಾಯ ಇದ್ದದ್ದು ಅವ್ವನ ಬಲ ಅಂಗಾಲಿನಲ್ಲಿ, ಬೆರಳುಗಳ ಬುಡಕ್ಕೆ. ಸಕ್ಕರೆ ಕಾಯಿಲೆಯ ಗಾಯ. ಒಂದು ನಿಂಬೆಹಣ್ಣು ಕೂರುವಷ್ಟು ಅಗಲ, ಅಷ್ಟೇ ಆಳ. ಆಸ್ಪತ್ರೆಯವರು ಮನೆಗೆ ಕಳಿಸುವಾಗಲೇ ಹೇಳಿದ್ದರು: ಇದು ಮುಚ್ಚಿಕೊಂಡರೆ ಕಾಲು ಉಳಿಯುತ್ತದೆ, ಇಲ್ಲದಿದ್ದರೆ ಕತ್ತರಿಸಬೇಕು. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು.

ನಾನು ನರ್ಸಲ್ಲ. ಮುದುಕರಿಗೆ ಸ್ನಾನ ಮಾಡಿಸೋಳು, ಊಟ ಕೊಡೋಳು, ಕಕ್ಕಸಿಗೆ ಕರಕೊಂಡು ಹೋಗೋಳು. ಅಮೆರಿಕದ ಏಪೆಕ್ಸ್ ಅನ್ನೋ ಊರಿನ ಈ ಮನೆಗೆ ಏಜೆನ್ಸಿಯವರು ನನ್ನನ್ನು ಹಾಕಿದ್ದು ಕನ್ನಡ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ. ನನಗೆ ಬೇರೇನೂ ಬರುತ್ತಿರಲಿಲ್ಲ; ಇಂಗ್ಲಿಷು ಕಿವಿಗೆ ಬಿದ್ದರೆ ತಿಳಿಯುತ್ತೆ, ಓದೋಕೆ ಆಗಲ್ಲ. ಅವ್ವನಿಗೆ ಎಂಬತ್ತು ದಾಟಿತ್ತು. ಧಾರವಾಡದ ಕಡೆಯವರು. ಎಲ್ಲರೂ ಅವರನ್ನು ಅವ್ವ ಅನ್ನೋರು, ನಾನೂ ಅಂದೆ. ಮಗಳು ಮಕ್ಕಳ ಡಾಕ್ಟರು, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರೋರು. ಹಗಲೆಲ್ಲ ಮನೆಯಲ್ಲಿ ಅವ್ವ, ನಾನು, ಕಾಲಿಗೆ ಕಟ್ಟಿದ ಮೆಷಿನ್ನು.

ಆ ಮೆಷಿನ್ನಿನ ಬಗ್ಗೆ ಹೇಳಬೇಕು. ಗಾಯದೊಳಗೆ ಕಪ್ಪು ಸ್ಪಂಜು ತುಂಬಿ, ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದಕ್ಕೊಂದು ತೂತು ಮಾಡಿ ಕೊಳವೆ ಕೂರಿಸುತ್ತಾರೆ. ಮೆಷಿನ್ನು ಗಾಳಿ ಎಳೆಯುತ್ತದೆ, ಕೆಟ್ಟ ನೀರು ಡಬ್ಬಿಗೆ ಬರುತ್ತದೆ, ಗಾಯ ತಳದಿಂದ ತುಂಬುತ್ತಾ ಬರುತ್ತದೆ. ಎಲ್ಲಾದರೂ ಗಾಳಿ ಸೋರಿದರೆ ಕೂಗುತ್ತದೆ. ವಾರಕ್ಕೆ ಮೂರು ಸಲ ಸ್ಪಂಜು ಬದಲಿಸಬೇಕು, ಅದು ನರ್ಸಿನ ಕೆಲಸ, ನಾನು ಮುಟ್ಟುವ ಹಾಗಿಲ್ಲ. ಕಷ್ಟ ಏನು ಅಂದರೆ ಬೆರಳ ಸಂದಿಯ ಹತ್ತಿರ ಹಾಳೆ ಅಂಟುವುದಿಲ್ಲ. ಮೊದಲು ಬಂದ ಇಬ್ಬರು ನರ್ಸುಗಳು ಅಂಟಿಸಿ ಹೋದದ್ದು ಬೆಳಗಾಗುವುದರೊಳಗೆ ಕಿತ್ತುಕೊಂಡು ಬರುತ್ತಿತ್ತು.

ಮೂರನೆಯವಳು ಈ ನರ್ಸಮ್ಮ. ಅಟ್ಲಾಂಟಾದ ಕಪ್ಪು ಹೆಂಗಸು, ನಲವತ್ತರ ಆಸುಪಾಸು, ದೊಡ್ಡ ಕೈ. ಮಗಳು ನನ್ನನ್ನು ಆಂಟಿ ಅನ್ನೋದು ಕೇಳಿಸಿಕೊಂಡು ಅದೇ ನನ್ನ ಹೆಸರು ಅಂದುಕೊಂಡಳು. ಅವರ ಕಡೆ ದೊಡ್ಡವರ ಹೆಸರಿನ ಮುಂದೆ ಮಿಸ್ ಹಾಕುತ್ತಾರಂತೆ. ಅದಕ್ಕೆ ನಾನು ಮಿಸ್ ಆಂಟಿ ಆದೆ. ಅವಳು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನಗೆ ತಿಳಿದ ಹಾಗೆ ಬರೆಯುತ್ತಿದ್ದೇನೆ.

ಅವಳ ಕೆಲಸ ನೋಡಬೇಕಿತ್ತು. ನೆಲದ ಮೇಲೆ ಮಂಡಿಯೂರಿ ಕೂರೋಳು. ಹಳೇ ಸ್ಪಂಜಿಗೆ ಉಪ್ಪುನೀರು ಬಿಟ್ಟು ನೆನೆಯಲು ಬಿಡೋಳು, ಎಳೆದು ಕೀಳುತ್ತಿರಲಿಲ್ಲ. ಆಮೇಲೆ ಹಾಳೆಯನ್ನು ದಾರದಂತೆ ಸಣ್ಣ ಸಣ್ಣ ಪಟ್ಟಿ ಕತ್ತರಿಸಿ, ಒಂದೊಂದು ಬೆರಳ ಸಂದಿಗೂ ಮೊದಲು ಅದನ್ನು ಕೂರಿಸೋಳು. ಸ್ಪಂಜು, ದೊಡ್ಡ ಹಾಳೆ ಆಮೇಲೆ. ಮೆಷಿನ್ನು ಹಾಕಿದಾಗ ಸ್ಪಂಜು ಒಳಕ್ಕೆ ಎಳೆದುಕೊಂಡು ಸುಕ್ಕಾಗುತ್ತಿತ್ತು.

"ಒಣದ್ರಾಕ್ಷಿ ಥರ ಆಗ್ಬೇಕು ಮಿಸ್ ಆಂಟಿ. ಆದ್ರೆ ಹಿಡೀತು ಅಂತ."

ಅವಳು ಅಂಟಿಸಿದ್ದು ಮುಂದಿನ ಸರದಿವರೆಗೂ ನಿಂತಿತು. ನನಗೆ ಅವತ್ತೇ ತಿಳಿಯಿತು, ಈ ಕಾಲು ಉಳಿಯೋದಿದ್ದರೆ ಇವಳ ಕೈಯಲ್ಲೇ.

ತಕರಾರು ಬಂದದ್ದು ಅವಳ ಬೂಟಿನಿಂದ. ಮೀನಖಂಡದವರೆಗೆ ಬರುವ ಕಪ್ಪು ಬೂಟು ಹಾಕೋಳು, ಒಳಗೆ ಬರುವಾಗ ಅದರ ಮೇಲೆ ನೀಲಿ ಚೀಲ ಎಳೆದುಕೊಳ್ಳೋಳು. ಅವ್ವನ ಮಂಚ ಇದ್ದ ರೂಮಿನಲ್ಲೇ ದೇವರ ಕಪಾಟು.

"ಏ ತಂಗಿ, ಅಕಿ ಬೂಟು ಹಾಕ್ಕೊಂಡಽ ಬಂದಾಳಲ್ಲ."

"ಮೇಲೆ ಚೀಲ ಹಾಕಿದ್ದಾಳೆ ಬಿಡಿ ಅವ್ವ."

"ಎಮ್ಮಿಗೆ ಸೀರಿ ಉಡಿಸಿದ್ರ ಸೊಸಿ ಆಗ್ತದೇನು? ಬಿಚ್ಚು ಅನ್ನು."

ನಾನು ಹೇಳಿದೆ. ನರ್ಸಮ್ಮ ನಕ್ಕು ತಲೆ ಅಲ್ಲಾಡಿಸಿದಳು. "ಏಜೆನ್ಸಿ ರೂಲು. ಸೂಜಿ ಕೆಳಗೆ ಬಿದ್ದಿದ್ರೆ ಕಾಲಿಗೆ ಚುಚ್ಚುತ್ತೆ. ಶೂ ಬಿಚ್ಚೋ ಹಾಗಿಲ್ಲ."

ರೂಲು ನಿಜವೇ. ಆದರೆ ಅವ್ವನಿಗೆ ರೂಲು ಹೇಳಿ ಪ್ರಯೋಜನ ಇಲ್ಲ. ಒಂದು ಸೋಮವಾರ ಕಾಲನ್ನು ರಗ್ಗಿನೊಳಗೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ನರ್ಸಮ್ಮ ಕಾದಳು, ಕೈ ಮುಗಿದು ಕೇಳಿಕೊಂಡಳು, ಮಗಳ ಹತ್ತಿರ ಫೋನಿನಲ್ಲಿ ಹೇಳಿಸಿದಳು. ಆಗಲಿಲ್ಲ. ಮುಂದಿನ ಮನೆಗೆ ಹೊತ್ತಾಯಿತು ಅಂತ ಹೊರಟುಹೋದಳು. ಬುಧವಾರ ಹೇಗೋ ಒಪ್ಪಿಸಿ ಬಿಚ್ಚಿದರೆ ವಾಸನೆ ಬರುತ್ತಿತ್ತು. ತಳದಲ್ಲಿ ಕೆಂಪಗಿದ್ದದ್ದು ಹಳದಿ ಕಟ್ಟಿತ್ತು. ನರ್ಸಮ್ಮ ಉಪ್ಪುನೀರಿನಲ್ಲಿ ತೊಳೆದಳು. ಹೋಗುವಾಗ, "ಇನ್ನೊಂದು ಸಲ ಹೀಗಾದ್ರೆ ನಾನು ಆಸ್ಪತ್ರೆಗೆ ಬರೆದು ಹಾಕ್ಬೇಕಾಗುತ್ತೆ," ಅಂದಳು.

ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಮನೆಗಳಲ್ಲಿ ಕಾಲು ನೋವಿರುವವರಿಗೆ ಮನೆಯೊಳಗಿನ ಚಪ್ಪಲಿ ಅಂತ ಬೇರೆ ಇರುತ್ತದಲ್ಲ, ಹೊಸ್ತಿಲು ದಾಟದ್ದು, ಅದನ್ನು ಯಾರೂ ಬೇಡ ಅನ್ನಲ್ಲ. ನರ್ಸಮ್ಮನಿಗೂ ಅಂಥದ್ದೊಂದು ತಂದಿಟ್ಟರೆ ಆಯಿತು. ರೂಲಿಗೆ ಶೂ ಇರುತ್ತೆ, ಅವ್ವನಿಗೆ ಮಡಿ ಇರುತ್ತೆ. ಅವ್ವನ್ನ ಕೇಳಿದೆ. "ಹೊಸಾದಾದ್ರ ಆಗಬಹುದು," ಅಂದರು. ಕಣ್ಣಳತೆಯಲ್ಲೇ ಬಿಳೀ ಶೂ ತಂದೆ, ದಾರ ಇಲ್ಲದ್ದು.

ಶುಕ್ರವಾರ ಬಾಗಿಲಲ್ಲಿ ಸ್ಟೂಲು ಹಾಕಿ, ಶೂ ಇಟ್ಟುಕೊಂಡು ನಿಂತೆ. ಅವಳು ಎರಡು ಕೈಯಲ್ಲೂ ಸಾಮಾನಿನ ಡಬ್ಬ ಹಿಡಿದು ಬಂದಳು. ಶೂ ನೋಡಿ ಅವಳ ಮುಖ ಒಂದು ಥರ ಆಯಿತು.

"ನನಗಾ? ಅಯ್ಯೋ ಮಿಸ್ ಆಂಟಿ. ಮುಂದಿನ ಸಲ ಹಾಕ್ಕೋತೀನಿ."

"ಮುಂದಿನ ಸಲ ಯಾಕೆ? ಕೂತ್ಕೋ."

"ಇವತ್ತು ಲೇಟಾಗಿದೆ."

ಒಳಗಿಂದ ಅವ್ವ, "ಬಂದ್ಲೇನು? ಶೂ ಹಾಕ್ಕೊಂಡ್ಲೇನು?"

ನಾನು ಬಗ್ಗಿದೆ. ದಿನವೆಲ್ಲ ಕಂಡವರ ಕಾಲಿನಿಂದ ಚಪ್ಪಲಿ, ಕಾಲುಚೀಲ, ಪ್ಯಾಂಟು ಎಳೆಯೋ ಕೈ ಇದು. ಕೇಳಿ ಮಾಡುವ ಅಭ್ಯಾಸ ಇಲ್ಲ. ಒಂದು ಕೈಯಲ್ಲಿ ಹಿಮ್ಮಡಿ ಹಿಡಿದೆ, ಇನ್ನೊಂದು ಕೈಯನ್ನು ಬೂಟಿನ ಬಾಯಿಯೊಳಗೆ ಹಾಕಿದೆ. ಗಟ್ಟಿಯಾಗಿ ಏನೋ ಸಿಕ್ಕಿತು. ಕಾಲು ಮುರಿದಿತ್ತೇನೋ, ಪಟ್ಟಿ ಕಟ್ಟಿಕೊಂಡಿದ್ದಾಳೆ ಅಂದುಕೊಂಡೆ. ಒತ್ತಿ ನೋಡಿದೆ. ತಣ್ಣಗಿತ್ತು.

"ಕೈ ತೆಗೀರಿ," ಅಂದಳು ಮೆಲ್ಲಗೆ. "ನಿಧಾನಕ್ಕೆ ತೆಗೀರಿ."

ತೆಗೆದೆ. ಅವಳು ಡಬ್ಬವನ್ನು ಒಳಗೆ ನೆಲದ ಮೇಲಿಟ್ಟು ಬಾಗಿಲನ್ನು ಎಳೆದುಕೊಂಡಳು. ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ನಿಂತೆವು.

"ಪಿಸ್ತೂಲಾ?"

"ಹೌದು. ಶೆರಿಫ್ ಕೊಟ್ಟ ಪರ್ಮಿಟ್ ಇದೆ. ಕ್ಲಾಸಿಗೆ ಹೋಗಿ ಕಲ್ತಿದ್ದೀನಿ."

"ಏಜೆನ್ಸಿಗೆ ಗೊತ್ತಾ?"

"ಗೊತ್ತಾದ್ರೆ ಅವತ್ತೇ ಮನೆಗೆ. ಪೇಷಂಟ್ ಮನೆಗೆ ಆಯುಧ ತರೋ ಹಾಗಿಲ್ಲ ಅಂತ ಸೈನ್ ಮಾಡಿಸ್ಕೊಂಡಿದ್ದಾರೆ."

"ಒಳಗೆ ಎಂಬತ್ತು ವರ್ಷದ ಮುದುಕಿ, ನೆಟ್ಟಗಿರೋದು ಒಂದೇ ಕಾಲು. ಅವರಿಗೆ ಹೆದರಿ ತಂದ್ಯಾ?"

ನಕ್ಕಳು, ಆದರೆ ಆ ನಗು ಮುಖದ ಮೇಲೆ ಉಳಿಯಲಿಲ್ಲ. ಆಮೇಲೆ ಹೇಳಿದಳು. ಕೊರೋನಾ ಮುಗಿಯುತ್ತಾ ಬಂದಾಗ ಬೇರೆ ಊರಿನಲ್ಲಿ ಒಂದು ಮನೆ. ತಾಯಿಗೆ ಡ್ರೆಸಿಂಗ್ ಮಾಡಿ ಎದ್ದರೆ ಮಗ ಬಾಗಿಲಿಗೆ ಚಿಲಕ ಹಾಕಿ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದ. ತಾಯಿಗೆ ನೋವಾಯಿತಂತೆ, ಅದಕ್ಕೆ ಇವಳು ಹೋಗೋ ಹಾಗಿಲ್ಲವಂತೆ. ಮಡಿಲಲ್ಲಿ ಸುತ್ತಿಗೆ. ಅವನಿಗೆ ಕಣ್ಣು ಎಳೆಯುವವರೆಗೆ ಇವಳು ಗೋಡೆಗೆ ಒರಗಿ ನಿಂತಿದ್ದು, ಆಮೇಲೆ ಅಡುಗೆಮನೆ ಕಿಟಕಿಯಿಂದ ಇಳಿದಳು. ಏಜೆನ್ಸಿಗೆ ಹೇಳಿದರೆ, "ಮೈ ಮುಟ್ಟಿದನಾ?" ಅಂತ ಕೇಳಿದರು. ಇಲ್ಲ ಅಂದಳು. ಸಿಟ್ಟಾದವರ ಹತ್ತಿರ ಮೆತ್ತಗೆ ಮಾತಾಡೋದು ಹೇಗೆ ಅಂತ ಒಂದು ವಿಡಿಯೋ ಕಳಿಸಿದರು.

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ನಾನೂ ಮನೆಮನೆಗೆ ಹೋಗೋಳು. ಒಬ್ಬ ಮುದುಕ ನನ್ನ ಕೈಗೆ ಬಿಸಿ ಕಾಫಿ ಎರಚಿದ್ದ. ಆದರೆ ಆ ವಸ್ತು ಅವ್ವನ ಮಂಚದ ಪಕ್ಕ ಬರೋದು ಬೇಡ ಅನ್ನಿಸಿತು. ಅವಳು ಮಂಡಿಯೂರಿ ಕೂತಾಗ ಅದು ಅವ್ವನ ಕೈಗೆ ಎಟುಕುವ ದೂರದಲ್ಲಿ ಇರುತ್ತಿತ್ತು.

"ಒಳಗೆ ತರಬೇಡ," ಅಂದೆ.

"ಹಾಗಾದ್ರೆ ನಾನೂ ಬರಲ್ಲ."

"ಕಾರಲ್ಲಿಟ್ಟು ಬಾ. ಕಾರಿಗೆ ಬೀಗ ಇಲ್ವಾ?"

"ಮಿಸ್ ಆಂಟಿ, ಇದು ಕಾಲಲ್ಲಿದ್ರೆ ಎಲ್ಲಿದೆ ಅಂತ ನನಗೆ ಗೊತ್ತಿರುತ್ತೆ. ಕಾರಲ್ಲಿದ್ರೆ ಗೊತ್ತಿರಲ್ಲ. ಕ್ಲಾಸಲ್ಲಿ ಮೊದಲು ಹೇಳಿಕೊಡೋದೇ ಅದು."

ಒಳಗಿಂದ ಮೆಷಿನ್ನು ಕೂಗಲು ಶುರು ಮಾಡಿತು. ಎಲ್ಲೋ ಸೋರುತ್ತಿತ್ತು. ಅವಳ ತಲೆ ಬಾಗಿಲ ಕಡೆ ತಿರುಗಿತು. ನಾನು ಆ ಹೊತ್ತಿನಲ್ಲಿ ಲೆಕ್ಕ ಹಾಕಿದೆ. ಮಗಳಿಗೆ ಹೇಳಿದರೆ ನರ್ಸಮ್ಮ ಹೋಗುತ್ತಾಳೆ, ಕಾಲೂ ಹೋಗುತ್ತದೆ. ಹೇಳದೆ ಒಳಗೆ ಬಿಟ್ಟರೆ ನನಗೆ ನಿದ್ದೆ ಬರಲ್ಲ. ಉಳಿದದ್ದು ಕಾರು. ನನಗೆ ಅದು ಬುದ್ಧಿವಂತಿಕೆ ಅನ್ನಿಸಿತು.

"ಕಾರಲ್ಲಿಡು. ನಾನು ಯಾರಿಗೂ ಹೇಳಲ್ಲ," ಅಂದೆ.

ಅವಳು ಹೋಗಿ ಇಟ್ಟು ಬಂದಳು. ಒಪ್ಪಿದ್ದು ನನ್ನ ಮಾತಿಗಲ್ಲ, ಆ ಗಾಯಕ್ಕೆ. ಸ್ಟೂಲಿನ ಮೇಲೆ ಕೂತು ತಾನೇ ಬೂಟು ಬಿಚ್ಚಿದಳು. ಕಾಲಿನಲ್ಲಿ ಪಿಸ್ತೂಲು ಕಟ್ಟಿದ್ದ ಪಟ್ಟಿಯ ಗುರುತು ಕೆಂಪಗೆ ಬಿದ್ದಿತ್ತು. ಬಿಳೀ ಶೂ ಸರಿಯಾಗಿ ಹಿಡಿಯಿತು.

ಆಮೇಲೆ ಒಂದಷ್ಟು ವಾರ ಚೆನ್ನಾಗಿ ನಡೆಯಿತು. ಅಷ್ಟು ಚೆನ್ನಾಗಿ ನಡೆದ ಕೆಲಸ ನಾನು ಇನ್ನೊಂದು ನೋಡಿಲ್ಲ. ನಮ್ಮದು ಮುಗಿಸಿ ಕಾರಿನಲ್ಲಿ ಕೂತು ಪಿಸ್ತೂಲನ್ನು ಮತ್ತೆ ಕಾಲಿಗೆ ಕಟ್ಟಿಕೊಂಡು ಮುಂದಿನ ಮನೆಗೆ ಹೋಗೋಳು. ಹೊಸದಾಗಿ ಕಬ್ಬಿಣದ ಪುಟ್ಟ ಪೆಟ್ಟಿಗೆ ತಂದು ಸೀಟಿನ ಕೆಳಗೆ ತಂತಿಯಿಂದ ಬಿಗಿದಳು. ಅವ್ವ ಅವಳಿಗೆ ರೊಟ್ಟಿ ತಿನ್ನದೆ ಹೋಗಲು ಬಿಡುತ್ತಿರಲಿಲ್ಲ. ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಮೇಲೆ ಎಣ್ಣೆ.

"ಇದು ಪೀನಟ್ ಬಟರಿಗೆ ಸಿಟ್ಟು ಬಂದ ಹಾಗಿದೆ," ಅಂತ ಕಣ್ಣೀರು ಒರೆಸಿಕೊಳ್ಳೋಳು.

"ಏನಂತಾಳ?"

"ಖಾರ ಅಂತಾಳೆ ಅವ್ವ."

"ಅಷ್ಟ ದೊಡ್ಡ ಹೆಣ್ಣಮಗಳು, ಇಷ್ಟ ಖಾರಕ್ಕ ಅಳ್ತಾಳ. ಇನ್ನೊಂದು ಹಾಕು."

ಗಾಯದ ತಳ ದಾಳಿಂಬೆ ಬಿಡಿಸಿಟ್ಟ ಹಾಗೆ ಕೆಂಪು ಹರಳುಗಟ್ಟಿತು. ನಿಂಬೆಹಣ್ಣು ಹಿಡಿಯುತ್ತಿದ್ದ ಜಾಗದಲ್ಲಿ ಒಂದು ಗೋಲಿಯೂ ಕಷ್ಟಪಟ್ಟು ಕೂರಬೇಕು ಅನ್ನುವ ಹಾಗಾಯಿತು. ನರ್ಸಮ್ಮ ಅಳತೆ ಪಟ್ಟಿ ಹಿಡಿದು ನೋಡಿ, "ಇನ್ನೊಂದು ತಿಂಗಳು, ಅಷ್ಟೆ. ಆಮೇಲೆ ಈ ಮೆಷಿನ್ ಹೊರಕ್ಕೆ," ಅಂದಳು. ಅವ್ವನಿಗೆ ಹೇಳಿದೆ. ಅವ್ವ ದೇವರ ಕಪಾಟಿನ ಕಡೆ ನೋಡಲಿಲ್ಲ, ಅವಳ ಕೈ ಕಡೆ ನೋಡಿದರು.

ಚಳಿಗಾಲದ ಒಂದು ಸಂಜೆ. ಹಿಂದಿನ ಮನೆಯಲ್ಲಿ ತಡವಾಗಿ ಅವಳು ಬರುವಾಗಲೇ ಹೊರಗೆ ಮಬ್ಬಾಗಿತ್ತು. ಸ್ಪಂಜು ಬದಲಿಸಿ, ರೊಟ್ಟಿ ತಿಂದು, ಬಾಗಿಲಲ್ಲಿ ಬೂಟು ಹಾಕಿಕೊಂಡು ಹೊರಟಳು. ನಾನು ತಟ್ಟೆ ತೊಳೆಯುತ್ತಿದ್ದೆ. ತಿರುಗಿ ನೋಡಿದರೆ ಅವಳು ಬೂಟಿನಲ್ಲೇ ಅವ್ವನ ರೂಮಿನ ನಡುವೆ ನಿಂತಿದ್ದಳು. ಅವ್ವ ಬೂಟು ನೋಡಿದರು, ಅವಳ ಮುಖ ನೋಡಿದರು, ಮಂಚದಲ್ಲಿ ಎದ್ದು ಕೂತರು.

ಅವಳ ಹಿಂದೆ ಹೊರಗೆ ಹೋಗಿ ನೋಡಿದರೆ ಯಾರೋ ಕಾರಿನ ಕಿಟಕಿ ಒಡೆದಿದ್ದರು. ಗಾಜು ಸೀಟಿನ ಮೇಲೆಲ್ಲ ಕಲ್ಲುಸಕ್ಕರೆಯ ಹಾಗೆ ಬಿದ್ದಿತ್ತು. ತಂತಿ ಕತ್ತರಿಸಿ ಪಿಸ್ತೂಲನ್ನು ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗಿದ್ದರು. ಒಳಗೆ ನಾವು ರೊಟ್ಟಿ ತಿನ್ನುತ್ತಾ ನಗುತ್ತಿದ್ದಾಗಲೇ ಆಗಿದೆ. ಮೆಷಿನ್ನಿನ ಗುಂಯ್ ಅನ್ನೋ ಸದ್ದಿನಲ್ಲಿ ನಮಗೆ ಕೇಳಿಸಿಲ್ಲ.

ಅವಳು ಕಾರಿನ ಪಕ್ಕ ಫೋನ್ ಹಿಡಿದು ನಿಂತಿದ್ದಳು. "ಪೊಲೀಸರಿಗೆ ಹೇಳಿದ್ರೆ, ಎಲ್ಲಿ ಕಳುವಾಯ್ತು ಅಂತಾರೆ. ಪೇಷಂಟ್ ಮನೆ ಮುಂದೆ, ಕೆಲಸದ ಹೊತ್ತಲ್ಲಿ. ಏಜೆನ್ಸಿಗೆ ಗೊತ್ತಾಗುತ್ತೆ."

"ಹೇಳದಿದ್ರೆ?"

"ಹೇಳದಿದ್ರೆ ಅದು ಯಾರ ಕೈಯಲ್ಲಿದೆ ಅಂತ ಯಾರೂ ಹುಡುಕಲ್ಲ."

ನನ್ನ ಬಾಯಿಗೆ ಬಂದಿದ್ದು, ಇನ್ನೊಂದು ತಿಂಗಳು ತಡಿ ಅನ್ನೋ ಮಾತು. ಗಾಯ ಮುಚ್ಚಲಿ, ಆಮೇಲೆ ಹೇಳು. ಮಾತು ಹಲ್ಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಅವಳೇ ನಂಬರು ಒತ್ತಿದಳು.

ಪೊಲೀಸ್ ಕಾರು ನಿಂತಿರುವಾಗಲೇ ಮಗಳು ಬಂದರು. ಓಡಿ ಬಂದರು.

"ಆಂಟಿ, ಅವ್ವಂಗೆ ಏನಾಯ್ತು?"

"ಅವ್ವ ಚೆನ್ನಾಗಿದ್ದಾರೆ." ಆಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಗನ್ನಾ? ನಮ್ಮ ಡ್ರೈವ್‌ವೇಲಿ? ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಕಾರಲ್ಲಿಡು ಅಂತ ಹೇಳಿದ್ದು ನಾನೇ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದರೆ ಅವತ್ತೇ ಕಳಿಸ್ತಿದ್ರಿ. ಕಾಲು ಯಾರು ನೋಡೋರು?"

ಅವರು ಕೂಗಾಡಲಿಲ್ಲ. "ನಮ್ಮ ಆಸ್ಪತ್ರೆಗೆ ಗುಂಡು ಬಿದ್ದ ಮಕ್ಕಳು ಬರ್ತಾರೆ ಆಂಟಿ," ಅಂದರು. "ಆ ಗನ್ನುಗಳು ಎಲ್ಲಿಂದ ಬಂದಿರ್ತವೆ ಅಂದ್ಕೊಂಡಿದ್ದೀರಿ?"

ನಾನು ಒಳಗೆ ಹೋಗಿ ಉಳಿದ ತಟ್ಟೆ ತೊಳೆದೆ.

ಮಾರನೇ ದಿನ ನರ್ಸಮ್ಮ ತಾನೇ ಏಜೆನ್ಸಿಗೆ ಹೇಳಿದಳಂತೆ. ಸೈನ್ ಮಾಡಿದ ಕಾಗದ ತೋರಿಸಿ ಕಳಿಸಿಬಿಟ್ಟರು. ನನ್ನನ್ನೂ ಕರೆದು ಬೈದರು, ಆದರೆ ಕನ್ನಡ ಬರೋ ಇನ್ನೊಬ್ಬರು ಸಿಗದೆ ಉಳಿಸಿಕೊಂಡರು. ಅವಳ ಬದಲು ಒಂದು ಸರದಿಗೆ ಯಾರೂ ಬರಲಿಲ್ಲ. ಆಮೇಲೆ ಒಬ್ಬ ಗಂಡಸು ನರ್ಸು ಬಂದ. ಒಳ್ಳೆಯವನು. ಯಾರೂ ಹೇಳದೆಯೇ ಬಾಗಿಲಲ್ಲಿ ಬೂಟು ಬಿಚ್ಚಿ ಕಾಲುಚೀಲದಲ್ಲಿ ಬಂದ. ಅವ್ವ ಅವನ ಕಾಲಿನ ಕಡೆ ತಿರುಗಿಯೂ ನೋಡಲಿಲ್ಲ.

ಅವನು ಅಂಟಿಸಿದ್ದು ನಿಲ್ಲಲಿಲ್ಲ. ಬೆರಳ ಸಂದಿಗೆ ಮೊದಲು ಪಟ್ಟಿ ಹಾಕು ಅಂತ ನಾನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಹಾಕಿದ. ಆದರೂ ನಿಲ್ಲಲಿಲ್ಲ, ಕೈಗುಣ ಬೇರೆ. ಅವನು ಹೋದ ಮೇಲೆ ಮೆಷಿನ್ನು ಕೂಗುತ್ತಿತ್ತು. ನಾನು ಹಾಳೆಯ ಅಂಚನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಕೂರುತ್ತಿದ್ದೆ. ಒತ್ತಿದಾಗ ಸುಮ್ಮನಾಗುತ್ತಿತ್ತು, ಕೈ ಎತ್ತಿದರೆ ಮತ್ತೆ ಕೂಗುತ್ತಿತ್ತು. ಅಕ್ಕಿಗೆ ನೀರಿಡಲು ಏಳಬೇಕಲ್ಲ. ಏಜೆನ್ಸಿಗೆ ಫೋನ್ ಮಾಡಿದರೆ, ಮೆಷಿನ್ ಆಫ್ ಮಾಡಿ, ನರ್ಸು ಬರ್ತಾರೆ, ನೀವು ಮುಟ್ಟಬೇಡಿ ಅನ್ನೋರು. ವಾಸನೆ ಬಂತು. ಜ್ವರ ಬಂತು. ಮಗಳು ಆಸ್ಪತ್ರೆಗೆ ಸೇರಿಸಿದರು.

ಎರಡು ಬೆರಳು ತೆಗೆದರು. ಉಳಿದ ಕಾಲು ಉಳಿಯಿತು.

ಅವಳಿದ್ದಿದ್ದರೆ ಬೆರಳು ಇರುತ್ತಿತ್ತು ಅಂತ ನಾನು ಪ್ರಮಾಣ ಮಾಡಲ್ಲ. ಸಕ್ಕರೆ ಗಾಯ ಹಾಗೇ, ಮುಚ್ಚುತ್ತಾ ಬಂದದ್ದೂ ಬಾಯಿ ತೆರೆಯುತ್ತೆ ಅಂತ ಡಾಕ್ಟರು ಹೇಳಿದರು. ಆದರೆ ಆ ಒಣದ್ರಾಕ್ಷಿಯ ಹಾಗೆ ಸುಕ್ಕಾದ ಸ್ಪಂಜನ್ನು ನಾನು ನೋಡಿದ್ದೇನೆ.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವ್ವ ಬಾಗಿಲ ಹತ್ತಿರ ಇನ್ನೂ ಇದ್ದ ಬಿಳೀ ಶೂ ತೋರಿಸಿದರು.

"ತಂಗಿ, ಅಕಿಗೆ ಫೋನ್ ಮಾಡು. ಬೂಟು ಹಾಕ್ಕೊಂಡಽ ಬರಲಿ ಅಂತ ಹೇಳು. ನಾನೇನೂ ಅನ್ನೂದಿಲ್ಲ."

ತನ್ನ ಹಟಕ್ಕೆ ಬೇಜಾರಾಗಿ ಅವಳು ಬಿಟ್ಟುಹೋದಳು ಅಂತ ಅವ್ವ ತಿಳಿದಿದ್ದರು. ಪಿಸ್ತೂಲಿನ ವಿಷಯ ಅವರಿಗೆ ಹೇಳಬೇಡಿ ಅಂತ ಮಗಳು ತಾಕೀತು ಮಾಡಿದ್ದರು. ನಾನು ಹೇಳಿದೆ. ಮುದುಕಿ ಇಲ್ಲದ ತಪ್ಪು ಹೊತ್ತುಕೊಂಡು ಸಾಯೋದು ಬೇಡ. ಬೂಟಿನೊಳಗೆ ಏನಿತ್ತು, ಕಾರಿನಿಂದ ಹೇಗೆ ಹೋಯಿತು, ಎಲ್ಲ ಹೇಳಿದೆ.

ಅವ್ವ ಮಂಡಿಯ ಮೇಲಿನ ರಗ್ಗು ಸರಿಮಾಡಿಕೊಂಡರು.

"ಅಂಜಿಕಿ ಇತ್ತೇನು ಅಕಿಗೆ? ನಮ್ಮ ಮನ್ಯಾಗ?"

"ನಮ್ಮ ಮನೇಲಿ ಅಲ್ಲ. ಬೇರೆ ಒಂದು ಮನೇಲಿ ಆಗಿದ್ದ ಅಂಜಿಕೆ."

"ಹಂಗಿದ್ರ ಕಾಲಾಗಽ ಇರ್ಲಿ ಅಂತ ಬಿಡಬೇಕಿತ್ತು, ತಂಗಿ."

ಕಾಲಲ್ಲಿ ಬಿಟ್ಟಿದ್ದರೆ ಇನ್ನೇನಾಗುತ್ತಿತ್ತೋ. ಯಾರೂ ಹೊತ್ತುಕೊಂಡು ತಿರುಗಬೇಕಾದ ವಸ್ತು ಅಲ್ಲ ಅದು ಅನ್ನೋದು ನನ್ನ ಮಾತು. ಆದರೆ ಕಿಟಕಿಯಿಂದ ಇಳಿದು ಓಡಿದವಳು ನಾನಲ್ಲ.

ನರ್ಸಮ್ಮ ಈಗ ಡಯಾಲಿಸಿಸ್ ಮಾಡುವ ಕಡೆ ಇದ್ದಾಳೆ. ಬಾಗಿಲಲ್ಲಿ ಗಾರ್ಡು ಇರುತ್ತಾನಂತೆ. ಗಾಯದ ಕೆಲಸ ಅಲ್ಲಿಲ್ಲ. ಆಗಾಗ ಫೋನ್ ಮಾಡುತ್ತಾಳೆ.

"ಮಿಸ್ ಆಂಟಿ, ಕಾಲು ಹೇಗಿದೆ?"

"ವಾಕರ್ ಹಿಡಿದು ಅಡುಗೆಮನೆವರೆಗೂ ಬರ್ತಾರೆ. ಅದು ಸಿಕ್ತಾ?"

"ಇಲ್ಲ."

ಆಮೇಲೆ ಅವಳು ಚಟ್ನಿಪುಡಿ ಇದೆಯಾ ಅಂತ ಕೇಳುತ್ತಾಳೆ.

ಬೆಳಿಗ್ಗೆ ಅವ್ವನ ಕಾಲು ತೊಳೆಯುವ ಹೊತ್ತಿಗೆ ಟಿವಿಯಲ್ಲಿ ಸುದ್ದಿ ಬರುತ್ತದೆ. ಎಲ್ಲೋ ಗುಂಡು ಹಾರಿದೆ ಅಂದರೆ ನಾನು ನೀರಿನ ಬೋಗುಣಿ ಹಿಡಿದು ನಿಲ್ಲುತ್ತೇನೆ. ಊರಿನ ಹೆಸರು ಕೇಳಿ, ನಮ್ಮ ಕಡೆಯದಲ್ಲ ಅಂತ ಗೊತ್ತಾದ ಮೇಲೆ ಕಾಲಿಗೆ ಕೈ ಹಾಕುತ್ತೇನೆ. ಅಷ್ಟರಲ್ಲಿ ನೀರು ತಣ್ಣಗಾಗಿರುತ್ತದೆ. ಅವ್ವ ಬೈಯುವುದಿಲ್ಲ.